ಸಕುರಾ ಕಾಲದ ಟೋಕಿಯೊ, ಕ್ಯೋಟೊ: ಟಿಕೆಟ್ ಯಾವ ದಿನಕ್ಕೆ ಮಾಡಿಸುವುದು, ಹೂ ತಪ್ಪಿದರೆ ಎಲ್ಲಿಗೆ ಹೋಗುವುದು?

ಪ್ರಶ್ನೆ: ಮುಂದಿನ ಮಾರ್ಚ್ ಕೊನೆಗೆ ಅಪ್ಪ ಅಮ್ಮನನ್ನು (ಇಬ್ಬರಿಗೂ 65 ದಾಟಿದೆ) ಜಪಾನಿಗೆ ಕರೆದುಕೊಂಡು ಹೋಗಿ ಸಕುರಾ (ಚೆರ್ರಿ ಹೂ) ತೋರಿಸಬೇಕೆಂದಿದ್ದೇವೆ. ರಜೆ ಸಿಗುವುದು ಒಂಬತ್ತೇ ದಿನ. ಟೋಕಿಯೊ, ಕ್ಯೋಟೊ ಎರಡೂ ನೋಡಬೇಕು, ಸಾಧ್ಯವಾದರೆ ಕೊರಿಯಾದ ಸೋಲ್ ಕೂಡ. ಟಿಕೆಟ್ ಈಗಲೇ ಮಾಡಿಸಬೇಕು. ಹೂ ಯಾವಾಗ ಬಿಡುತ್ತದೋ ಈಗ ಹೇಳುವವರಿಲ್ಲ. ಯಾವ ದಿನಾಂಕ ಹಿಡಿಯುವುದು? ಹೋಗುವಷ್ಟರಲ್ಲಿ ಎಲ್ಲ ಉದುರಿದ್ದರೆ ಏನು ಗತಿ? ನಾವು ಸಸ್ಯಾಹಾರಿಗಳು ಬೇರೆ.

ಉತ್ತರ: ಮಾರ್ಚ್ 28ಕ್ಕೆ ಟೋಕಿಯೊದಲ್ಲಿ ಇಳಿಯಿರಿ, ಏಪ್ರಿಲ್ 1ರ ಬೆಳಿಗ್ಗೆ ರೈಲು ಹತ್ತಿ ಕ್ಯೋಟೊಗೆ ಹೋಗಿ, 5ಕ್ಕೆ ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣದಿಂದ ಊರಿಗೆ ಹೊರಡಿ. ಸೋಲ್ ಈ ಸಲ ಬೇಡ. ಹೀಗೆ ಇಟ್ಟುಕೊಂಡರೆ ಹವಾಮಾನ ಯಾವ ಕಡೆ ತಿರುಗಿದರೂ ಮರ ತುಂಬ ಹೂ ಎಲ್ಲಾದರೂ ಒಂದು ಕಡೆ ಸಿಗುವಂತೆ ಮಾಡಿಕೊಳ್ಳಬಹುದು. ಅದಕ್ಕೆ ಯಾವ ತಳಿ ಎಲ್ಲಿ, ಯಾವಾಗ ಅರಳುತ್ತದೆ ಎಂದು ತಿಳಿದಿರಬೇಕು. ನಿರಾಶರಾಗಿ ಬರುವವರಲ್ಲಿ ಹೆಚ್ಚಿನವರು ಒಂದೇ ತಳಿಯ ಬೆನ್ನು ಬಿದ್ದವರು.

ಆ ಒಂದು ತಳಿಯ ಹೆಸರು ಸೊಮೇಯ್ ಯೋಶಿನೊ. ಟೋಕಿಯೊದ ನದಿದಡ, ಉದ್ಯಾನ, ಶಾಲೆಯ ಅಂಗಳಗಳಲ್ಲಿ ನೀವು ಕಾಣುವ ಸಕುರಾದ ಬಹುಪಾಲು ಇದೇ. ಎದೊಹಿಗನ್ ಮತ್ತು ಓಶಿಮಾ ಎಂಬ ಎರಡು ಚೆರ್ರಿಗಳ ಬೆರಕೆ. ಈಗಿನ ಟೋಕಿಯೊದ ಕೊಮಗೊಮೆ ಬಳಿ ಹಿಂದೆ ಸೊಮೇಯ್ ಎಂಬ ಹಳ್ಳಿಯಿತ್ತು, ಗಿಡ ಬೆಳೆಸಿ ಮಾರುವ ತೋಟಗಾರರ ಊರು. ಎದೊ ಕಾಲದ ಕೊನೆಗೆ (19ನೆಯ ಶತಮಾನದ ನಡುವಿಗೆ) ಈ ತಳಿ ಅಲ್ಲಿಂದ ಹರಡಿತು. ಬೀಜ ಹಾಕಿದರೆ ಇದೇ ತಳಿ ಹುಟ್ಟುವುದಿಲ್ಲ, ಕಸಿ ಕಟ್ಟಿಯೇ ಬೆಳೆಸಬೇಕು. ಹಾಗಾಗಿ ದೇಶದ ತುಂಬ ಇರುವ ಸೊಮೇಯ್ ಯೋಶಿನೊಗಳೆಲ್ಲ ವಂಶವಾಹಿಯಲ್ಲಿ ಒಂದೇ ಮರ. ಬೆಂಗಳೂರಿನ ಟಬೆಬುಯಾ ನೆನಪಿಸಿಕೊಳ್ಳಿ. ಅದನ್ನು ನಮ್ಮ ಚೆರ್ರಿ ಎಂದು ಕರೆಯುವ ರೂಢಿ ಬಂದಿದೆ, ಆದರೆ ಚೆರ್ರಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಟಬೆಬುಯಾದಲ್ಲಿ ಪ್ರತಿ ಮರವೂ ತನ್ನ ಪಾಡಿಗೆ ಅರಳುತ್ತದೆ. ಈ ವಾರ ಒಂದು ರಸ್ತೆ, ಮುಂದಿನ ವಾರ ಇನ್ನೊಂದು, ಹೀಗೆ ತಿಂಗಳುಗಟ್ಟಲೆ ನಡೆಯುತ್ತದೆ. ಸೊಮೇಯ್ ಯೋಶಿನೊ ಒಂದು ಊರಿನಲ್ಲಿ ಅರಳಿತೆಂದರೆ ಎಲ್ಲ ಒಟ್ಟಿಗೇ ಅರಳಿತು, ಉದುರಿತೆಂದರೆ ಎಲ್ಲ ಒಟ್ಟಿಗೇ. ಅದರ ಚೆಲುವೂ ಪ್ರವಾಸಿಯ ಕಷ್ಟವೂ ಅಲ್ಲೇ ಇರುವುದು.

ದಿನಾಂಕದ ಲೆಕ್ಕ

ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿರುತ್ತದೆ. ಚಳಿಗಾಲದಲ್ಲಿ ನಿದ್ದೆ ಹೋಗುತ್ತದೆ. ಸಾಕಷ್ಟು ಚಳಿ ತಿಂದ ಮೇಲೇ ಆ ನಿದ್ದೆ ಒಡೆಯುವುದು. ಆಮೇಲೆ ಬಿಸಿಲು ಬಿದ್ದ ಹಾಗೆಲ್ಲ ಮೊಗ್ಗು ಉಬ್ಬುತ್ತದೆ. ಆದ್ದರಿಂದ ಚಳಿಗಾಲ ಬೆಚ್ಚಗಿತ್ತು ಎಂದಮಾತ್ರಕ್ಕೆ ಹೂ ಬೇಗ ಬರುವುದಿಲ್ಲ, ತಡವೂ ಆಗಬಹುದು. ಚಳಿಗಾಲ ಚೆನ್ನಾಗಿ ಕೊರೆದು ಮಾರ್ಚ್ ಬೆಚ್ಚಗಾದ ವರ್ಷ ಬೇಗ ಬಿಡುತ್ತದೆ. ಜಪಾನಿನವರು ಬಳಸುವ ಒಂದು ಸರಳ ಲೆಕ್ಕವಿದೆ: ಫೆಬ್ರವರಿ 1ರಿಂದ ಪ್ರತಿದಿನದ ಗರಿಷ್ಠ ಉಷ್ಣಾಂಶವನ್ನು ಕೂಡುತ್ತಾ ಹೋಗಿ, ಮೊತ್ತ 600 ಡಿಗ್ರಿ ಮುಟ್ಟುವ ಹೊತ್ತಿಗೆ ಟೋಕಿಯೊದಲ್ಲಿ ಹೂ ಬಿಡುತ್ತದೆ. ಶಾಸ್ತ್ರೀಯ ಮಾದರಿಯಲ್ಲ, ಆದರೂ ಮಾರ್ಚ್ ಮಧ್ಯದಲ್ಲಿ ಮನೆಯಲ್ಲೇ ಕೂತು ಅಂದಾಜು ಮಾಡಲು ಸಾಕು.

ಎರಡು ಪದ ಕಲಿತಿಟ್ಟುಕೊಳ್ಳಿ. ‘ಕಾಯ್‌ಕಾ’ ಎಂದರೆ ಹೂ ಬಿಡಲು ತೊಡಗಿದ ದಿನ. ಹವಾಮಾನ ಇಲಾಖೆಯ ಗೊತ್ತಾದ ಮಾದರಿ ಮರದಲ್ಲಿ ಐದಾರು ಹೂ ಬಿರಿದರೆ ಅಧಿಕಾರಿಗಳು ಕಾಯ್‌ಕಾ ಎಂದು ಸಾರುತ್ತಾರೆ. ಟೋಕಿಯೊದ ಮಾದರಿ ಮರ ಯಸುಕುನಿ ಗುಡಿಯ ಆವರಣದಲ್ಲಿದೆ. ‘ಮಾನ್‌ಕಾಯ್’ ಎಂದರೆ ನೂರಕ್ಕೆ 80 ಭಾಗ ಅರಳಿದ ದಿನ. ಇವೆರಡರ ನಡುವೆ ಟೋಕಿಯೊದಲ್ಲಿ ಸುಮಾರು ಒಂದು ವಾರ. ಸುದ್ದಿಯಲ್ಲಿ ಕಾಯ್‌ಕಾ ಎಂದು ಕೇಳಿದೊಡನೆ ಓಡಿಹೋದವರಿಗೆ ಕಾಣುವುದು ಬೋಳು ಕೊಂಬೆ, ಅಲ್ಲಲ್ಲಿ ನಾಲ್ಕು ಹೂ. ನಿಮಗೆ ಬೇಕಾದದ್ದು ಮಾನ್‌ಕಾಯ್‌ಗೆ ಎರಡು ದಿನ ಮೊದಲಿನಿಂದ ಅದಾದ ಐದಾರು ದಿನದವರೆಗಿನ ಅವಧಿ.

1991ರಿಂದ 2020ರವರೆಗಿನ ಸರಾಸರಿಯಲ್ಲಿ ಟೋಕಿಯೊದ ಕಾಯ್‌ಕಾ ಮಾರ್ಚ್ 24, ಮಾನ್‌ಕಾಯ್ ಮಾರ್ಚ್ 31. ಕ್ಯೋಟೊದಲ್ಲಿ ಮಾರ್ಚ್ 26 ಮತ್ತು ಏಪ್ರಿಲ್ 4. ಒಸಾಕಾ ಹೆಚ್ಚುಕಡಿಮೆ ಕ್ಯೋಟೊದಂತೆಯೇ. ಮೊದಲು ಟೋಕಿಯೊ, ಆಮೇಲೆ ಕ್ಯೋಟೊ ಎಂದು ಹೇಳಿದ್ದು ಇದಕ್ಕೇ: ಹೂವಿನ ಹಿಂದೆಯೇ ನೀವೂ ನಡೆದಂತಾಗುತ್ತದೆ. ಆದರೆ ಸರಾಸರಿಯನ್ನು ಪೂರ್ತಿ ನಂಬಬೇಡಿ. 2020, 2021, 2023ರಲ್ಲಿ ಟೋಕಿಯೊದಲ್ಲಿ ಮಾರ್ಚ್ 14ಕ್ಕೇ ಕಾಯ್‌ಕಾ ಆಯಿತು. 2024ರಲ್ಲಿ ಮಾರ್ಚ್ 29ರವರೆಗೆ ಕಾಯಿಸಿತು. ಹದಿನೈದು ದಿನದ ಅಂತರ! 2021ರಲ್ಲಿ ಕ್ಯೋಟೊದ ಮಾನ್‌ಕಾಯ್ ಮಾರ್ಚ್ 26ಕ್ಕೆ ಬಂತು, ಸಾವಿರ ವರ್ಷಕ್ಕೂ ಹಿಂದಿನಿಂದ ಉಳಿದಿರುವ ದಾಖಲೆಗಳಲ್ಲಿ ಅದುವರೆಗೆ ಅಷ್ಟು ಬೇಗ ಬಂದಿರಲಿಲ್ಲ.

ಮುನ್ಸೂಚನೆಗಳು ಜನವರಿಯಿಂದಲೇ ಬರತೊಡಗುತ್ತವೆ. ಹವಾಮಾನ ಇಲಾಖೆ 2010ರಿಂದ ಮುನ್ಸೂಚನೆ ಕೊಡುವುದನ್ನು ನಿಲ್ಲಿಸಿದೆ, ಈಗ ಕೊಡುತ್ತಿರುವವು ಖಾಸಗಿ ಹವಾಮಾನ ಸಂಸ್ಥೆಗಳು. ಜನವರಿಯ ಅಂದಾಜು ನೋಡಿ ಟಿಕೆಟ್ ಬದಲಿಸಲು ಹೋಗಬೇಡಿ. ಮಾರ್ಚ್ ಎರಡನೇ ವಾರದ ನಂತರದ್ದು ನಂಬಲರ್ಹ. ಅಲ್ಲಿಗೆ ಹೋದ ಮೇಲೆ ಆಯಾ ತಾಣದ ಸ್ಥಿತಿಯನ್ನು ದಿನವೂ ಜಾಲತಾಣದಲ್ಲಿ ನೋಡಿಕೊಳ್ಳಿ. ಅನುವಾದ ಆ್ಯಪ್ ಕೆಲವೊಮ್ಮೆ ಎಡವುವುದರಿಂದ ಜಪಾನಿ ಪದಗಳ ಉಚ್ಚಾರವೇ ಗೊತ್ತಿರಲಿ: ‘ತ್ಸುಬೊಮಿ’ ಅಂದರೆ ಇನ್ನೂ ಮೊಗ್ಗು, ‘ಗೊಬು ಝಾಕಿ’ ಅರ್ಧ ಅರಳಿದೆ, ‘ಶಿಚಿಬು ಝಾಕಿ’ ಮುಕ್ಕಾಲು ಹತ್ತಿರ, ಹೊರಡಿ, ‘ಚಿರಿಹಜಿಮೆ’ ಉದುರಲು ತೊಡಗಿದೆ, ಇವತ್ತೇ ಹೋಗಿ, ‘ಹಝಾಕುರಾ’ ಎಲೆ ಬಂತು, ಬೇರೆ ಕಡೆ ನೋಡಿ.

ಮಳೆ ಬಂದರೆ ಎಲ್ಲ ಮುಗಿಯಿತು ಎಂದು ಹೆದರುವವರಿದ್ದಾರೆ. ಹೊಸದಾಗಿ ಬಿರಿದ ಹೂ ತೊಟ್ಟನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಒಂದು ಮಳೆಗೆ ಬೀಳುವುದಿಲ್ಲ. ಮಾನ್‌ಕಾಯ್ ಆಗಿ ನಾಲ್ಕೈದು ದಿನ ಕಳೆದ ಮೇಲೆ ಗಾಳಿಮಳೆ ಬಂದರೆ ಮಾತ್ರ ಒಂದೇ ರಾತ್ರಿಯಲ್ಲಿ ಮರ ಬರಿದಾದೀತು. ಹೂ ಹಳತಾಯಿತೇ ಎಂದು ತಿಳಿಯಲು ನಡುವನ್ನು ನೋಡಿ: ಹೊಸ ಹೂವಿನ ನಡು ತಿಳಿಬಣ್ಣ, ಉದುರುವ ಹೊತ್ತಿಗೆ ಕೆಂಪೇರಿರುತ್ತದೆ. ಹೂವಿನ ಕಾಲದಲ್ಲಿ ಮರಳಿ ಬರುವ ಚಳಿಗೆ ಅವರು ‘ಹನಬಿಯೆ’ ಎನ್ನುತ್ತಾರೆ. ಕೂತು ನೋಡುವವರಿಗೆ ಅದು ಕಷ್ಟ, ಹೂವಿಗೆ ಆಯುಸ್ಸು.

ಟೋಕಿಯೊ

ನಾಲ್ಕು ರಾತ್ರಿ ಸಾಕು. ತಂಗುವುದಕ್ಕೆ ಉಎನೊ ಅಥವಾ ಅಸಾಕುಸಾ ಕಡೆ ನೋಡಿ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಹೋದರೆ ಇಳಿಯುವುದು ನರಿಟಾದಲ್ಲಿ. ಅಲ್ಲಿಂದ ಕೇಯ್ಸೇಯ್ ಸ್ಕೈಲೈನರ್ ರೈಲು ಮುಕ್ಕಾಲು ಗಂಟೆಯೊಳಗೆ ಉಎನೊ ಮುಟ್ಟಿಸುತ್ತದೆ. ಉಎನೊ, ಕೊಮಗೊಮೆ, ಶಿಂಜುಕು, ಮೆಗುರೊ ಎಲ್ಲವೂ ಯಾಮಾನೊತೆ ಎಂಬ ವರ್ತುಲ ಮಾರ್ಗದ ನಿಲ್ದಾಣಗಳು, ಹಿರಿಯರಿಗೆ ಬದಲಾವಣೆಯ ಗೊಂದಲ ಕಡಿಮೆ. ಇಳಿದ ಕೂಡಲೇ ಸುಯಿಕಾ ಕಾರ್ಡ್ ಮಾಡಿಸಿಕೊಳ್ಳಿ, ಪ್ರತಿ ಸಲ ಚೀಟಿ ಕೊಳ್ಳುವ ಕಾಟ ತಪ್ಪುತ್ತದೆ.

ನನ್ನನ್ನು ಕೇಳಿದರೆ ಟೋಕಿಯೊದಲ್ಲಿ ಒಂದೇ ಬೆಳಗು ಸಿಕ್ಕರೂ ಚಿದೊರಿಗಫುಚಿಗೆ ಹೋಗಬೇಕು. ಅರಮನೆಯ ಹಳೆಯ ಕಂದಕ. ಎರಡೂ ದಡದ ಕೊಂಬೆಗಳು ನೀರಿನ ಮೇಲೆ ಬಾಗಿ ಬಿದ್ದಿವೆ. ದಡದ ಮೇಲಿನ ಕಾಲುದಾರಿ ಸುಮಾರು 700 ಮೀಟರ್. ಕುದನ್‌ಶಿತಾ ನಿಲ್ದಾಣದಿಂದ ಐದು ನಿಮಿಷದ ನಡಿಗೆ. ಬೆಳಿಗ್ಗೆ ಏಳಕ್ಕೆ ಅಲ್ಲಿರಿ. ಹತ್ತರ ಮೇಲೆ ಜನ ಹೆಗಲಿಗೆ ಹೆಗಲು ತಾಗಿಸಿ ಒಂದೇ ದಿಕ್ಕಿನಲ್ಲಿ ನಡೆಯಬೇಕಾಗುತ್ತದೆ, ನಿಂತು ನೋಡಲು ಆಗುವುದಿಲ್ಲ, ಕೂರಲು ಜಾಗವೂ ಇರುವುದಿಲ್ಲ. ದೋಣಿ ಬಾಡಿಗೆಗೆ ಸಿಗುತ್ತದೆ, ಆದರೆ ಹೂ ತುಂಬಿದ ದಿನಗಳಲ್ಲಿ ಸಾಲು ಗಂಟೆಗಟ್ಟಲೆ. ವಯಸ್ಸಾದವರನ್ನು ಅಲ್ಲಿ ನಿಲ್ಲಿಸುವುದಕ್ಕಿಂತ ದಡದಿಂದಲೇ ನೋಡುವುದು ಲೇಸು.

ಅಲ್ಲಿಂದ ಒಂಬತ್ತರ ಸುಮಾರಿಗೆ ಕುದನ್‌ಶಿತಾಗೆ ಮರಳಿ, ತೋಝಾಯ್ ಸುರಂಗ ರೈಲು ಮಾರ್ಗದಲ್ಲಿ ಒಂದೇ ನಿಲ್ದಾಣ ಮುಂದಿನ ಈದಬಾಶಿಗೆ ಬನ್ನಿ. ಅಲ್ಲಿ ಹಳದಿ ಪಟ್ಟಿಯ ಚುಓ–ಸೋಬು ರೈಲು ಹತ್ತಿ. ಈದಬಾಶಿಯಿಂದ ಯೊತ್ಸುಯಾವರೆಗೆ ಹಳಿ ಹೊರಕಂದಕದ ಪಕ್ಕದಲ್ಲೇ ಸಾಗುತ್ತದೆ, ಏರಿಯ ಮೇಲೆ ಸಾಲು ಸಾಲು ಸಕುರಾ. ಕೂತಲ್ಲೇ ಕಿಟಕಿಯಲ್ಲಿ ಹೂ ನೋಡುತ್ತಾ ಸೆಂದಗಾಯಾದಲ್ಲಿ ಇಳಿದರೆ ಶಿಂಜುಕು ಗ್ಯೊಎನ್ ಉದ್ಯಾನದ ಸೆಂದಗಾಯಾ ದ್ವಾರ ಹತ್ತಿರ. ಎಲ್ಲರೂ ಮುಗಿಬೀಳುವ ಶಿಂಜುಕು ದ್ವಾರಕ್ಕಿಂತ ಇಲ್ಲಿ ಸಾಲು ಚಿಕ್ಕದು.

ಶಿಂಜುಕು ಗ್ಯೊಎನ್‌ಗೆ ಪ್ರವೇಶ ಶುಲ್ಕ 500 ಯೆನ್, ಬಾಗಿಲು ತೆರೆಯುವುದು ಒಂಬತ್ತಕ್ಕೆ. ಸಾವಿರದಷ್ಟು ಸಕುರಾ ಮರಗಳು, ಅರವತ್ತಕ್ಕೂ ಹೆಚ್ಚು ಬಗೆ. ಅಪ್ಪ ಅಮ್ಮನಿಗೆ ಇದಕ್ಕಿಂತ ಹಿತವಾದ ಜಾಗ ಟೋಕಿಯೊದಲ್ಲಿ ಇಲ್ಲ: ಅಗಲವಾದ ಹುಲ್ಲುಹಾಸು, ಬೆಂಚು, ಶೌಚಾಲಯ, ಸಮತಟ್ಟಾದ ದಾರಿ. ಮದ್ಯಕ್ಕೆ ಅವಕಾಶವಿಲ್ಲ, ಹಾಗಾಗಿ ಗದ್ದಲ ಕಡಿಮೆ. ನೂರು ಯೆನ್ ಅಂಗಡಿಯಲ್ಲಿ ಒಂದು ಹಾಸು ಕೊಂಡು ಹುಲ್ಲಿನ ಮೇಲೆ ಹಾಸಿ ಕೂರಬಹುದು. ಚಪ್ಪಲಿ ಬಿಚ್ಚಿಯೇ ಕೂರುವುದು ಅಲ್ಲಿಯ ರೀತಿ, ನಮಗದು ಹೇಳಿಕೊಡಬೇಕಾಗಿಲ್ಲ. ಮರದ ಬುಡಕ್ಕೆ ಒತ್ತಿ ಹಾಸಬೇಡಿ: ಸಕುರಾ ಬೇರು ಮೇಲ್ಮಟ್ಟದಲ್ಲೇ ಹರಡುತ್ತದೆ, ಮಣ್ಣು ತುಳಿದು ಗಟ್ಟಿಯಾದರೆ ಮರ ಸೊರಗುತ್ತದೆ. ಫೋಟೊಗಾಗಿ ಕೊಂಬೆ ಬಗ್ಗಿಸುವುದಂತೂ ಬೇಡವೇ ಬೇಡ. ಮುರಿದ ಗಾಯದಿಂದ ಕೊಳೆ ಇಳಿಯುತ್ತದೆ, ಈ ಮರ ಅದನ್ನು ಸುಲಭಕ್ಕೆ ತಡೆದುಕೊಳ್ಳುವುದಿಲ್ಲ. ಎಸಳು ಬೇಕಿದ್ದರೆ ನೆಲದಲ್ಲಿ ಬಿದ್ದದ್ದನ್ನು ಆಯ್ದುಕೊಳ್ಳಿ. ಇತ್ತೀಚಿನ ವರ್ಷಗಳಲ್ಲಿ ಹೂ ತುಂಬಿದ ವಾರಾಂತ್ಯಗಳಿಗೆ ಈ ಉದ್ಯಾನ ಮುಂಗಡ ಕಾಯ್ದಿರಿಸುವಿಕೆ ಕೇಳುತ್ತಿದೆ. ಹಿಂದಿನ ವಾರವೇ ನೋಡಿಕೊಳ್ಳಿ, ಅಥವಾ ವಾರದ ದಿನಕ್ಕೆ ಇಟ್ಟುಕೊಳ್ಳಿ.

ಉಎನೊ ಉದ್ಯಾನ ಉಚಿತ, ದೊಡ್ಡದು, ಜಾತ್ರೆಯ ಹಾಗೆ. ನೀಲಿ ತಾಡಪಾಲು ಹಾಸಿ ಬೆಳಿಗ್ಗೆಯೇ ಜಾಗ ಹಿಡಿದು ಕೂರುವ ಕಚೇರಿಯ ಎಳೆಯರು, ಸಂಜೆಗೆ ಲಾಟೀನು, ತಿಂಡಿ ಗಾಡಿ. ಏಪ್ರಿಲ್ 1ಕ್ಕೆ ಜಪಾನಿನಲ್ಲಿ ಹೊಸ ಶಾಲಾ ವರ್ಷ, ಹೊಸ ಲೆಕ್ಕದ ವರ್ಷ. ಬೀಳ್ಕೊಡುಗೆಗಳೂ ಸ್ವಾಗತಗಳೂ ಸಕುರಾ ಕೆಳಗೇ ನಡೆಯುತ್ತವೆ. ಈ ‘ಹನಾಮಿ’ (ಹೂ ನೋಡುವ) ಸಡಗರವನ್ನು ನೋಡಬೇಕು ಎನ್ನಿಸಿದರೆ ಸಂಜೆ ಒಂದು ಗಂಟೆ ಹೋಗಿಬನ್ನಿ, ಸಾಕು.

ಮೆಗುರೊ ನದಿಯ ಫೋಟೊಗಳನ್ನು ನೋಡಿ ಮರುಳಾಗದವರಿಲ್ಲ. ಸುಮಾರು 4 ಕಿಲೊಮೀಟರ್ ಉದ್ದಕ್ಕೆ 800ರಷ್ಟು ಮರಗಳು, ಕಿರಿದಾದ ಕಾಲುವೆಯ ಮೇಲೆ ಕಮಾನು. ಆದರೆ ದಾರಿಯೂ ಅಷ್ಟೇ ಕಿರಿದು. ಎಲ್ಲರೂ ನಕಮೆಗುರೊ ನಿಲ್ದಾಣದಲ್ಲಿ ಇಳಿಯುತ್ತಾರೆ. ವಾರಾಂತ್ಯದ ಸಂಜೆ ಅಲ್ಲಿ ನಿಲ್ದಾಣದಿಂದ ಹೊರಬೀಳುವುದೇ ಸಾಹಸ. ನೀವು ಮೇಲ್ಗಡೆಯ ಇಕೆಜಿರಿ ಓಹಾಶಿಯಲ್ಲಿ ಇಳಿದು ಬೆಳಿಗ್ಗೆ ಎಂಟರ ಒಳಗೆ ನದಿಯ ಗುಂಟ ಕೆಳಗೆ ನಡೆಯಿರಿ. ಕತ್ತಲಾದ ಮೇಲೆ ಹಿರಿಯರನ್ನು ಕರೆದುಕೊಂಡು ಅಲ್ಲಿಗೆ ಹೋಗಬೇಡಿ.

ಇನ್ನು ಬಹಳ ಜನ ಬಿಟ್ಟುಬಿಡುವ ಎರಡು ಜಾಗ. ಒಂದು, ಕೊಮಗೊಮೆಯ ರಿಕುಗಿಎನ್. 300 ಯೆನ್ ಕೊಟ್ಟು ಒಳಗೆ ಹೋದರೆ 15 ಮೀಟರ್ ಎತ್ತರದ ಜೋಲುಕೊಂಬೆಯ ಸಕುರಾ ಜಲಪಾತದಂತೆ ಇಳಿಬಿದ್ದಿದೆ. ಇದು ಸೊಮೇಯ್ ಯೋಶಿನೊಗಿಂತ ಕೆಲದಿನ ಮೊದಲೇ ಅರಳುತ್ತದೆ. ಸೊಮೇಯ್ ಹಳ್ಳಿ ಇದ್ದದ್ದೂ ಇಲ್ಲೇ ಹತ್ತಿರ. ಇನ್ನೊಂದು, ಓಜಿ ನಿಲ್ದಾಣದ ಎದುರಿನ ಅಸುಕಯಾಮಾ ಗುಡ್ಡ. ಎಂಟನೆಯ ಶೋಗನ್ (ದೇಶ ಆಳುತ್ತಿದ್ದ ಸೇನಾಧಿಪತಿ) ತೊಕುಗಾವಾ ಯೊಶಿಮುನೆ 1720ರ ಸುಮಾರಿನಲ್ಲಿ ಊರ ಜನರ ಹೂವಿನ ಹಬ್ಬಕ್ಕೆಂದೇ ಇಲ್ಲಿ ಸಕುರಾ ನೆಡಿಸಿದ. ಗುಡ್ಡ ಹತ್ತಲು ಪುಟ್ಟ ಉಚಿತ ಬಂಡಿಯಿದೆ, ಮಂಡಿನೋವಿನವರಿಗೆ ವರ. ವಿದೇಶಿ ಪ್ರವಾಸಿಗರು ಕಡಿಮೆ. ಅಜ್ಜ ಅಜ್ಜಿ ಮೊಮ್ಮಕ್ಕಳೇ ಹೆಚ್ಚು.

ಟೋಕಿಯೊದಿಂದ ಕ್ಯೋಟೊಗೆ

ನೊಝೊಮಿ ಬುಲೆಟ್ ರೈಲು ಎರಡೂಕಾಲು ಗಂಟೆ ತೆಗೆದುಕೊಳ್ಳುತ್ತದೆ, ಕಾಯ್ದಿರಿಸಿದ ಸೀಟಿಗೆ ಸುಮಾರು 14,000 ಯೆನ್. ಏಳು ದಿನದ ರೈಲು ಪಾಸಿನ ಬೆಲೆ 2023ರ ಅಕ್ಟೋಬರ್‌ನಲ್ಲಿ 50,000 ಯೆನ್‌ಗೆ ಏರಿತು. ನಿಮ್ಮ ಒಂದು ದಾರಿಯ ಪ್ರಯಾಣಕ್ಕೆ ಅದು ಶುದ್ಧ ನಷ್ಟ. ಕ್ಯೋಟೊ ಕಡೆ ಹೋಗುವಾಗ ಬಲಬದಿಯ ‘ಇ’ ಸೀಟು ಕೇಳಿ, ಆಕಾಶ ತಿಳಿಯಾಗಿದ್ದರೆ ಫುಜಿ ಪರ್ವತ ಆ ಕಿಟಕಿಗೆ ಬರುತ್ತದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಕೂಡಿ 160 ಸೆಂಟಿಮೀಟರ್ ದಾಟಿದರೆ ದೊಡ್ಡ ಸಾಮಾನಿನ ಜಾಗವಿರುವ ಸೀಟನ್ನೇ ಮೊದಲು ಕಾಯ್ದಿರಿಸಬೇಕು. ಅದಕ್ಕಿಂತ ಸುಲಭದ ದಾರಿ ‘ತಕ್ಯುಬಿನ್’: ಹೋಟೆಲಿನ ಮುಂಗಟ್ಟೆಯಲ್ಲಿ ಪೆಟ್ಟಿಗೆ ಒಪ್ಪಿಸಿದರೆ ಸಾಮಾನ್ಯವಾಗಿ ಮರುದಿನ ಕ್ಯೋಟೊ ಹೋಟೆಲಿಗೆ ತಲುಪಿರುತ್ತದೆ. ಒಂದು ರಾತ್ರಿಯ ಬಟ್ಟೆ, ಮಾತ್ರೆ ಕೈಚೀಲದಲ್ಲಿರಲಿ.

ಹೂವಿನ ವಾರದಲ್ಲಿ ಕ್ಯೋಟೊದ ಕೋಣೆಗಳ ಬೆಲೆ ಎರಡು ಮೂರು ಪಟ್ಟಾಗುವುದುಂಟು. ಈಗಲೇ, ರದ್ದು ಮಾಡಿದರೆ ಹಣ ಮರಳುವ ಷರತ್ತಿನಲ್ಲಿ ಹಿಡಿಯಿರಿ. ಸಿಗದಿದ್ದರೆ ಒಸಾಕಾದಲ್ಲಿ ಉಳಿಯಿರಿ: ಶಿನ್‌ಕಾಯ್‌ಸೊಕು ರೈಲು ಅರ್ಧ ಗಂಟೆಯಲ್ಲಿ, 600 ಯೆನ್ ಒಳಗೆ ಕ್ಯೋಟೊ ತಲುಪಿಸುತ್ತದೆ. ಇನ್ನೊಂದು ದಿಕ್ಕಿನ ಓತ್ಸು ಹತ್ತೇ ನಿಮಿಷ.

ಕ್ಯೋಟೊ

ಇಲ್ಲಿ ಪ್ರವಾಸ ಕೆಡಿಸುವುದು ಬಸ್ಸು. ಊರು ದೊಡ್ಡದು, ಸುರಂಗ ರೈಲಿನ ಮಾರ್ಗ ಎರಡೇ, ಉಳಿದದ್ದಕ್ಕೆ ಎಲ್ಲರೂ ಬಸ್ಸಿಗೇ ಮುಗಿಬೀಳುತ್ತಾರೆ. ಹತ್ತರ ಮೇಲೆ ಬಸ್ಸು ತುಂಬಿ ನಿಲ್ಲದೇ ಹೋಗುತ್ತದೆ. ಆದ್ದರಿಂದ ಬೆಳಿಗ್ಗೆ ಸುರಂಗ ರೈಲಿನಲ್ಲಿ ಹೊರಡಿ, ಜನ ಬರುವ ದಿಕ್ಕಿಗೆ ಎದುರಾಗಿ ನಡೆಯಿರಿ.

ಹೀಗೆ ಮಾಡಿ. ಆರೂವರೆಗೆ ಕ್ಯೋಟೊ ಸುರಂಗ ರೈಲಿನ ತೋಝಾಯ್ ಮಾರ್ಗದ ಕೆಆಗೆ ನಿಲ್ದಾಣದಲ್ಲಿ ಇಳಿಯಿರಿ. ಹಿಂದೆ ಕಾಲುವೆ ದೋಣಿಗಳನ್ನು ಬಂಡಿಗೇರಿಸಿ ಎಳೆಯುತ್ತಿದ್ದ ಇಳಿಜಾರು ಹಳಿ ಇಲ್ಲಿದೆ, 582 ಮೀಟರ್, ಎರಡೂ ಬದಿಗೆ ಸಕುರಾ. ಹಳಿಯ ನಡುವೆ ದಪ್ಪ ಜಲ್ಲಿ. ಕಾಲು ಹೊರಳೀತು, ಹಿರಿಯರು ಅಂಚಿನಲ್ಲಿ ನಡೆಯಲಿ, ಬೂಟು ಕಡ್ಡಾಯ. ಅಲ್ಲಿಂದ ನನ್‌ಝೆನ್‌ಜಿ ದೇವಾಲಯ, ಅದರ ಆವರಣದ ಇಟ್ಟಿಗೆಯ ಮೇಲ್ಗಾಲುವೆ ನೋಡಿ, ನ್ಯಾಕುಒಜಿ ಗುಡಿಯ ಬಳಿಯಿಂದ ‘ತತ್ತ್ವಜ್ಞಾನಿಯ ಹಾದಿ’ ಹಿಡಿಯಿರಿ. ಕಿರುಗಾಲುವೆಯ ಪಕ್ಕದ 2 ಕಿಲೊಮೀಟರ್ ದಾರಿ, ಬಹುತೇಕ ಸಮತಟ್ಟು. ಎಂಟೂವರೆಗೆ ಗಿಂಕಾಕುಜಿ ದೇವಾಲಯದ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುತ್ತೀರಿ. ಒಂಬತ್ತೂವರೆಗೆ ಅಲ್ಲಿಂದ ಹೊರಡುವ ಬಸ್ಸು ಖಾಲಿ, ಏಕೆಂದರೆ ಜನವೆಲ್ಲ ಆಗ ಬರುತ್ತಿರುತ್ತಾರೆ. ಇದೇ ಹಾದಿಯನ್ನು ಮಧ್ಯಾಹ್ನ ತಿರುವುಮುರುವಾಗಿ ಮಾಡಿದವರು ಬಸ್ ನಿಲ್ದಾಣದಲ್ಲಿ ಒಂದು ಗಂಟೆ ನಿಲ್ಲುತ್ತಾರೆ.

ಅಮ್ಮನಿಗೆ ಕಾಲು ನೋವಿದ್ದರೆ ಕ್ಯೋಟೊ ಗ್ಯೊಎನ್, ಅಂದರೆ ಹಳೆಯ ಅರಮನೆಯ ಸುತ್ತಲಿನ ಉದ್ಯಾನ, ಸಾಕು. ಉಚಿತ, ಹೊತ್ತಿನ ಕಟ್ಟಿಲ್ಲ, ಇಮದೆಗಾವಾ ನಿಲ್ದಾಣದ ಪಕ್ಕದಲ್ಲೇ. ಉತ್ತರ ತುದಿಯ ಕೊನೊಎ ಕೊಳದ ಬಳಿ ದಾರದಂತೆ ಇಳಿಬಿದ್ದ ಕೊಂಬೆಗಳ ಸಕುರಾಗಳು ಊರಿನಲ್ಲೇ ಮೊದಲು ಅರಳುವ ಮರಗಳಲ್ಲಿ ಸೇರಿವೆ. ಹಿರಾನೊ ಗುಡಿಯಲ್ಲಿ ಅರವತ್ತರಷ್ಟು ಬಗೆಗಳಿವೆ, ಒಂದಾದ ಮೇಲೊಂದು ತಿಂಗಳಿಗೂ ಹೆಚ್ಚು ಕಾಲ ಅರಳುತ್ತವೆ. ಯಾವ ದಿನ ಹೋದರೂ ಬರಿಗೈ ಆಗುವುದಿಲ್ಲ. ಕಿಯೊಮಿಝು ದೇವಾಲಯದ ಏರು ಕಡಿದು, ಮೆಟ್ಟಿಲು ಬಹಳ, ಹಟ ಮಾಡಬೇಡಿ.

ಬೇಗ ಬಂದರೆ, ತಡವಾದರೆ

ನೀವು ಇಳಿದಾಗ ಟೋಕಿಯೊದಲ್ಲಿ ಇನ್ನೂ ಮೊಗ್ಗಿದ್ದರೆ ರಿಕುಗಿಎನ್‌ನಿಂದ ಶುರು ಮಾಡಿ, ಕ್ಯೋಟೊದಲ್ಲಿ ಕೊನೊಎ ಕೊಳ. ಜೋಲುಕೊಂಬೆಯವು ಮುಂಚೂಣಿಯವು. ಆ ವರ್ಷ ಕ್ಯೋಟೊದ ಕೊನೆಯ ಎರಡು ದಿನ ನಿಮ್ಮದು.

ಹೂ ಮೊದಲೇ ಮುಗಿದಿದ್ದರೆ ಮೂರು ದಾರಿ. ಮೊದಲನೆಯದು ತಡವಾಗಿ ಅರಳುವ ಬಗೆ: ಇಚಿಯೊ, ಕನ್‌ಝಾನ್ ಎಂಬ ಸುತ್ತು ಸುತ್ತು ಎಸಳಿನ ದಪ್ಪ ಗುಲಾಬಿ ಸಕುರಾಗಳು ಸೊಮೇಯ್ ಯೋಶಿನೊ ಆದ ಮೇಲೇ ಬರುತ್ತವೆ, ಶಿಂಜುಕು ಗ್ಯೊಎನ್‌ನಲ್ಲಿ ಧಾರಾಳ. ಕ್ಯೋಟೊದ ನಿನ್ನಾಜಿಯ ಓಮುರೊ ಸಕುರಾವೂ ತಡದ್ದೇ. ಆಳೆತ್ತರದ ಮರಗಳು, ಹೂ ಕಣ್ಣಿನ ಮಟ್ಟಕ್ಕೇ ಸಿಗುತ್ತದೆ. ಎರಡನೆಯದು ಎತ್ತರ: ನಾರಾ ಸೀಮೆಯ ಯೋಶಿನೊ ಬೆಟ್ಟದಲ್ಲಿ ಹೂ ಬುಡದಿಂದ ತುದಿಗೆ ಹಂತ ಹಂತವಾಗಿ ಏರುತ್ತದೆ, ಕೆಳಗೆ ಉದುರಿದಾಗ ಮೇಲೆ ಅರಳುತ್ತಿರುತ್ತದೆ. ಮೂರನೆಯದು ಉತ್ತರ: ಟೋಕಿಯೊದಿಂದ ಹಯಬುಸಾ ರೈಲಿನಲ್ಲಿ ಒಂದೂವರೆ ಗಂಟೆಗೆ ಸೆಂದಾಯ್, ಅಲ್ಲಿ ಸರಾಸರಿ ಕಾಯ್‌ಕಾ ಏಪ್ರಿಲ್ 8. ಟೋಕಿಯೊ ಹತ್ತು ದಿನ ಮುಂದೆ ಓಡಿದ ವರ್ಷ ಸೆಂದಾಯ್ ಕೂಡ ಮುಂದೆ ಓಡಿರುತ್ತದೆ, ಹಾಗಾಗಿ ಒಂದು ದಿನದ ಪ್ರವಾಸಕ್ಕೆ ಸರಿಹೊಂದುತ್ತದೆ.

ಉದುರುತ್ತಿರುವ ದಿನವನ್ನು ನಷ್ಟವೆಂದು ಬರೆಯಬೇಡಿ. ಗಾಳಿಗೆ ಎಸಳುಗಳು ಸುರಿಯುವುದಕ್ಕೆ ‘ಹನಫುಬುಕಿ’ ಎಂದು ಹೆಸರು, ಹೂವಿನ ಹಿಮಗಾಳಿ. ನೀರಿನ ಮೇಲೆ ಎಸಳು ಕೂಡಿ ತೇಲುವುದು ‘ಹನಇಕದಾ’, ಹೂವಿನ ತೆಪ್ಪ. ಚಿದೊರಿಗಫುಚಿಯ ಕಂದಕ, ಮೆಗುರೊ ನದಿ, ತತ್ತ್ವಜ್ಞಾನಿಯ ಹಾದಿಯ ಕಾಲುವೆ ಮೂರೂ ಆಗ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಭರ್ತಿ ಹೂವಿಗಿಂತ ಇದನ್ನೇ ಮೆಚ್ಚುವವರು ಅಲ್ಲಿ ಬಹಳ.

ಊಟ, ಉಡುಪು, ಔಷಧಿ

ಸಸ್ಯಾಹಾರಿಗೆ ಅಲ್ಲಿಯ ಶತ್ರು ಮಾಂಸದ ತುಂಡಲ್ಲ, ದಾಶಿ. ಒಣಮೀನಿನ ಈ ಸಾರು ಉದೊನ್, ಸೋಬಾ ನೂಡಲ್ಸ್, ಮಿಸೊ ಸೂಪು, ತರಕಾರಿ ಪಲ್ಯ, ನನ್‌ಝೆನ್‌ಜಿ ಬಳಿಯ ತೋಫು ಊಟದ ಅದ್ದುಸಾರು ಎಲ್ಲದರಲ್ಲೂ ಇರುತ್ತದೆ. ‘ಮಾಂಸ ಬೇಡ’ ಎಂದರೆ ಅವರು ದಾಶಿಯನ್ನು ತೆಗೆಯುವುದಿಲ್ಲ, ‘ದಾಶಿಯೂ ಬೇಡ’ ಎಂದು ಬೇರೆಯಾಗಿ ಹೇಳಬೇಕು. ಹನಾಮಿಗೆ ಕೂತಾಗ ನಿಶ್ಚಿಂತೆಯಿಂದ ತಿನ್ನಬಹುದಾದವು: ಗುಲಾಬಿ, ಬಿಳಿ, ಹಸಿರು ಉಂಡೆಗಳನ್ನು ಕಡ್ಡಿಗೆ ಚುಚ್ಚಿದ ಹನಾಮಿ ದಾಂಗೊ, ಉಪ್ಪಿನಲ್ಲಿಟ್ಟ ಸಕುರಾ ಎಲೆ ಸುತ್ತಿದ ಸಕುರಾ ಮೋಚಿ (ಎಲೆಯನ್ನೂ ತಿನ್ನಬಹುದು, ಸಿಹಿ ಹೂರಣಕ್ಕೆ ಉಪ್ಪು ಎಲೆ ಚೆನ್ನಾಗಿ ಹೊಂದುತ್ತದೆ), ಸುಟ್ಟ ಗೆಣಸು, ಉಪ್ಪಷ್ಟೇ ಹಾಕಿದ ಅನ್ನದುಂಡೆ ಶಿಯೊ ಮುಸುಬಿ. ಟೋಕಿಯೊದಲ್ಲಿ ನಮ್ಮವರು ಹೆಚ್ಚಾಗಿ ನೆಲೆಸಿರುವ ನಿಶಿ ಕಸಾಯ್‌ನಲ್ಲಿ ಭಾರತೀಯ ಊಟ, ದಿನಸಿ ಸಿಗುತ್ತದೆ. ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಒಯ್ಯಿರಿ. ಹಸಿ ಕರಿಬೇವು, ಹಣ್ಣು, ತರಕಾರಿ ಒಯ್ದರೆ ವಿಮಾನ ನಿಲ್ದಾಣದ ಸಸ್ಯ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ಕಸದ ಬುಟ್ಟಿ ಬೀದಿಯಲ್ಲಿ ಸಿಗುವುದೇ ಅಪರೂಪ, ಒಂದು ಚೀಲ ಜೇಬಿನಲ್ಲಿರಲಿ, ಕಸ ಹೋಟೆಲಿಗೆ ಮರಳಲಿ.

ಮಾರ್ಚ್ ಕೊನೆಯ ಹಗಲು 15 ಡಿಗ್ರಿ ಆಸುಪಾಸು. ಬೆಳಗು, ಸಂಜೆ 6–8ಕ್ಕೆ ಇಳಿಯುತ್ತದೆ. ತಣ್ಣನೆ ನೆಲದಲ್ಲಿ ಅರ್ಧ ಗಂಟೆ ಕೂತರೆ ಹಿರಿಯರ ಸೊಂಟ ಹಿಡಿಯುತ್ತದೆ, ಹಾಸಿನ ಕೆಳಗೆ ದಪ್ಪ ರಟ್ಟು ಅಥವಾ ಶಾಲು ಮಡಿಸಿ ಹಾಕಿ. ಇದೇ ಹೊತ್ತು ಸುಗಿ, ಹಿನೊಕಿ ಮರಗಳ ಪರಾಗ ಗಾಳಿಯಲ್ಲಿ ತುಂಬಿರುತ್ತದೆ. ಉಬ್ಬಸ, ಸೀನು ಇರುವವರಿಗೆ ಮಾಸ್ಕ್ ಬೇಕು. ಸಕುರಾದಿಂದ ಅಲರ್ಜಿಯಾಯಿತು ಎಂದು ಬೈಯುವುದು ತಪ್ಪು. ದಿನದ ಔಷಧಿಗಳನ್ನು ವೈದ್ಯರ ಚೀಟಿಯೊಡನೆ, ಒಂದು ತಿಂಗಳಿಗೆ ಮೀರದಷ್ಟು ಒಯ್ಯಬಹುದು. ಆದರೆ ನೆಗಡಿ ಮಾತ್ರೆಯ ಪಟ್ಟಿಯ ಹಿಂಬದಿ ಓದಿ: ಸೂಡೊಎಫೆಡ್ರಿನ್ ನೂರಕ್ಕೆ 10ಕ್ಕಿಂತ ಹೆಚ್ಚಿರುವ ಔಷಧಿ ಜಪಾನಿಗೆ ನಿಷಿದ್ಧ.

ಸೋಲ್ ಯಾಕೆ ಬೇಡ

ಸೋಲ್‌ನ ಹೂ ಸರಾಸರಿ ಏಪ್ರಿಲ್ 8ಕ್ಕೆ ಬಿಡುತ್ತದೆ. ನೀವು 5ಕ್ಕೆ ಹೊರಡುವವರು. ಸಾಮಾನ್ಯ ವರ್ಷದಲ್ಲಿ ಅಲ್ಲಿ ಕಾಣುವುದು ಮೊಗ್ಗು. ಬೇರೆ ವೀಸಾ ಬೇಕು, ವಿಮಾನ ನಿಲ್ದಾಣಗಳಲ್ಲಿ ಎರಡು ಅರ್ಧ ದಿನ ಕರಗುತ್ತದೆ, ಆ ಬೆಲೆಗೆ ಕ್ಯೋಟೊದ ಒಂದು ಬೆಳಗು ಹೋಗುತ್ತದೆ. ಇನ್ನೊಂದು ವರ್ಷ ಏಪ್ರಿಲ್ 7ರಿಂದ 12ರ ನಡುವೆ ಸೋಲ್ ಒಂದಕ್ಕೇ ಹೋಗಿ. ಯೊಯಿದೊ ದ್ವೀಪದಲ್ಲಿ ಸಂಸತ್ ಭವನದ ಹಿಂದಿನ ಯುಂಜುಂಗ್‌ನೊ ರಸ್ತೆ 1.7 ಕಿಲೊಮೀಟರ್ ಉದ್ದಕ್ಕೂ ಸಕುರಾ ಮಂಟಪ. ಆ ಮರಗಳಿಗೆ ಒಂದು ಚರಿತ್ರೆಯಿದೆ: ಜಪಾನಿನವರು ಚಾಂಗ್‌ಗ್ಯೊಂಗ್ ಅರಮನೆಯನ್ನು 1909ರಲ್ಲಿ ಮೃಗಾಲಯವಾಗಿಸಿ ಅಂಗಳದಲ್ಲಿ ಚೆರ್ರಿ ನೆಟ್ಟರು, 1980ರ ದಶಕದಲ್ಲಿ ಅರಮನೆಯನ್ನು ಮೊದಲಿನಂತೆ ಕಟ್ಟುವಾಗ ಅಲ್ಲಿಯ ಮರಗಳಲ್ಲಿ ಅನೇಕವನ್ನು ಕಿತ್ತು ಯೊಯಿದೊಗೆ ತಂದರು. ಅಲ್ಲೂ ನಿಯಮ ಅದೇ: ವಾರದ ದಿನ, ಬೆಳಿಗ್ಗೆ ಏಳು. ಸಂಜೆಗೆ ಜಮ್ಸಿಲ್ ನಿಲ್ದಾಣದ ಸೊಕ್‌ಚೊನ್ ಕೆರೆ, ಸುತ್ತ ಎರಡೂವರೆ ಕಿಲೊಮೀಟರ್ ಸಮತಟ್ಟಾದ ದಾರಿ, ಅಪ್ಪ ಅಮ್ಮ ನಿಧಾನಕ್ಕೆ ಒಂದು ಸುತ್ತು ಬರಬಹುದು.